ಕಪ್ಪು ಮದ್ದಿನ ತೋಟಾ: ಮದ್ದು ಇಳಿಸಿದ ಮೇಲೆ ಉಳಿಯುವ ಜಾಗ

ಬಂದೂಕಿನ ತೋಟಾದಲ್ಲಿ ಸಿಡಿಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎಂಬ ಲೆಕ್ಕ ಕಪ್ಪು ಮದ್ದಿನ, ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣದ ಮುಂದೆ ನಡೆಯುವುದಿಲ್ಲ. ಎಷ್ಟು ಮದ್ದು ತೆಗೆದೆವು ಎಂಬುದರ ಜೊತೆಗೆ, ಆ ಜಾಗದಲ್ಲಿ ಏನು ಇಟ್ಟೆವು ಎಂಬುದನ್ನೂ ಕೇಳಬೇಕು.

ಅಮೆರಿಕ ಸೇನೆಯ 1873ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ತೋಟಾ ಒಳ್ಳೆಯ ಉದಾಹರಣೆ. ಅದನ್ನು 45-70-405 ಎಂದು ಗುರುತಿಸುತ್ತಾರೆ: 0.45 ಅಂಗುಲದ ಕ್ಯಾಲಿಬರ್ (ನಳಿಗೆಯ ಒಳ ಅಗಲ), 70 ಗ್ರೇನ್ ಮದ್ದು, 405 ಗ್ರೇನಿನ ಸೀಸದ ಗುಂಡು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅಂದರೆ ಮದ್ದು ನಾಲ್ಕೂವರೆ ಗ್ರಾಂ, ಗುಂಡು 26 ಗ್ರಾಂ. ಅಶ್ವದಳದವರ ಕಾರ್ಬೈನಿಗೆ, ಅಂದರೆ ಗಿಡ್ಡ ನಳಿಗೆಯ ಹಗುರ ಬಂದೂಕಿಗೆ, ಇದರ ಒದೆತ ಹೆಚ್ಚು. ಹಾಗಾಗಿ ಅದರ ತೋಟಾದಲ್ಲಿ ಮದ್ದನ್ನು 55 ಗ್ರೇನಿಗೆ ಇಳಿಸಿದರು. ಮದ್ದು ತುಂಬುವ ಹಿತ್ತಾಳೆ ಅಥವಾ ತಾಮ್ರದ ಕೊಳವೆ, ಅಂದರೆ ಕೇಸು, ಮಾತ್ರ ಅದೇ ಅಳತೆಯದು. ಉಳಿದ ಜಾಗವನ್ನು ಖಾಲಿ ಬಿಡದೆ ರಟ್ಟು ಇಟ್ಟು ತುಂಬುತ್ತಿದ್ದರು.

ಏಕೆ? ಮದ್ದಿಗೂ ಗುಂಡಿಗೂ ನಡುವೆ ಗಾಳಿಯ ಜಾಗವಿದ್ದರೆ, ಹೊತ್ತಿಕೊಂಡ ಅನಿಲವೂ ಮದ್ದಿನ ಕಣಗಳೂ ವೇಗ ಪಡೆದು, ಇನ್ನೂ ಕದಲದ ಗುಂಡಿನ ಬುಡಕ್ಕೆ ಅಪ್ಪಳಿಸುತ್ತವೆ. ಒತ್ತಡ ಒಂದೇ ಕಡೆ ಏರಿ, ನಳಿಗೆ ಅಲ್ಲಿ ಬಳೆಯಂತೆ ಉಬ್ಬಬಹುದು, ಒಡೆಯಲೂಬಹುದು. ಹೊಸಬರು ಸಿಕ್ಕಿಬೀಳುವ ಇನ್ನೊಂದು ಜಾಗವಿದೆ. ಮದ್ದು ಅಲುಗದಿರಲೆಂದು ಅದರ ಮೇಲೆ ಒಂದು ರಟ್ಟಿನ ಬಿಲ್ಲೆಯನ್ನು ಒತ್ತಿ, ಬಿಲ್ಲೆಗೂ ಗುಂಡಿಗೂ ನಡುವೆ ಅಂತರ ಬಿಡುವುದು. ಇದು ಸುರಕ್ಷಿತವಾಗಿ ಕಾಣುತ್ತದೆ, ಅಷ್ಟೆ. ಆ ಬಿಲ್ಲೆಯೇ ಹಾರಿ ಹೋಗಿ ಗುಂಡಿಗೆ ಗುದ್ದುತ್ತದೆ. ತುಂಬಿಸುವ ರಟ್ಟು ಗುಂಡಿನ ಬುಡವನ್ನು ಮುಟ್ಟಲೇಬೇಕು. ತೋಟಾ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು.

ಹಳೆಯ ಅಂಕಿಗಳನ್ನು ಇಂದಿನ ಕೇಸಿಗೆ ಕಣ್ಣುಮುಚ್ಚಿ ಅನ್ವಯಿಸಬಾರದು. ಈಗಿನ ಹಿತ್ತಾಳೆ ಕೇಸಿನ ಬುಡ ದಪ್ಪ, ಒಳಜಾಗ ಕಡಿಮೆ. 70 ಗ್ರೇನ್ ಒತ್ತದೆ ಹಿಡಿಸುವುದೇ ಕಷ್ಟ. 55 ಹಾಕಿದಾಗ ಉಳಿಯುವ ಅಂತರವೂ ಹಳೆಯದಕ್ಕಿಂತ ಚಿಕ್ಕದು. ರಟ್ಟಿನ ದಪ್ಪವನ್ನು ಕೈಯಲ್ಲಿರುವ ಕೇಸಿನಲ್ಲೇ ಅಳೆದು ನಿರ್ಧರಿಸಬೇಕು. ತೀರಾ ಕಡಿಮೆ ಮದ್ದು ಬೇಕೆನಿಸಿದರೆ ಉದ್ದ ಕೇಸನ್ನು ರಟ್ಟಿನಿಂದ ತುಂಬುವುದಕ್ಕಿಂತ, ಗಿಡ್ಡ ತೋಟಾದ ಬಂದೂಕನ್ನೇ ಆರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಹೇಳಿದ್ದೆಲ್ಲ ಕಪ್ಪು ಮದ್ದಿಗೆ ಮಾತ್ರ. ಹೊಗೆರಹಿತ ಮದ್ದನ್ನು ಇದೇ ಅಳತೆಯ ಪಾತ್ರೆಯಿಂದ ಸುರಿದರೆ ಬಂದೂಕು ಸಿಡಿಯಬಹುದು. ಎರಡೂ ಡಬ್ಬಿಗಳು ಒಂದೇ ಮೇಜಿನ ಮೇಲೆ ಇರಲೇಬಾರದು. ಕಪ್ಪು ಮದ್ದು ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಅಳತೆಗೆ ಹಿತ್ತಾಳೆಯ ಪಾತ್ರೆ ಇರಲಿ, ಬೀಡಿ ಸಿಗರೇಟು ಹತ್ತಿರ ಸುಳಿಯದಿರಲಿ, ಡಬ್ಬಿಯಿಂದ ಬೇಕಾದಷ್ಟು ತೆಗೆದ ಕೂಡಲೇ ಮುಚ್ಚಳ ಹಾಕಿ.

ಭಾರತದಲ್ಲಿ ತೋಟಾ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಮನೆಯಲ್ಲಿ ಪ್ರಯತ್ನಿಸುವ ವಿಷಯ ಇದಲ್ಲ. ಕಾನೂನು ಒಪ್ಪುವ ದೇಶಗಳಲ್ಲಿಯೂ ಆ ಬಂದೂಕಿಗೆಂದೇ ಪ್ರಕಟವಾದ ಅಳತೆಯನ್ನು ಬಿಟ್ಟು ಕದಲಬಾರದು.