ಎಕ್ಕ-ಐದಕ್ಕೆ ರೀರೇಸ್, ಜೋಡಿ ಒಂಬತ್ತಕ್ಕೆ ಕಾಲ್

ಟೆಕ್ಸಸ್ ಹೋಲ್ಡೆಮ್ ಪೋಕರ್ ಆಡುವವರಲ್ಲಿ ಬೇರೂರಿರುವ ನಂಬಿಕೆಯೊಂದನ್ನು ಮೊದಲು ಕಿತ್ತುಹಾಕಬೇಕು. ಕೈಗೆ ಬಂದ ಎರಡು ಎಲೆ ಬಹಳ ಚೆನ್ನಾಗಿದ್ದರೆ ರೀರೇಸ್ (ಎದುರಾಳಿ ಏರಿಸಿದ ಪಣವನ್ನು ಇನ್ನೂ ಏರಿಸುವುದು), ಸುಮಾರಾಗಿದ್ದರೆ ಕಾಲ್ (ಅಷ್ಟೇ ಪಣ ಕಟ್ಟಿ ಆಟದಲ್ಲಿ ಉಳಿಯುವುದು), ಕೆಟ್ಟದಾಗಿದ್ದರೆ ಫೋಲ್ಡ್ (ಎಲೆ ಕೆಳಗಿಟ್ಟು ಹಿಂದೆ ಸರಿಯುವುದು) ಎಂದು ಬಹುತೇಕರು ಏಣಿಯ ಮೆಟ್ಟಿಲಿನಂತೆ ತೀರ್ಮಾನಿಸುತ್ತಾರೆ. ಅದರ ಜೊತೆಗೆ ‘ಇವತ್ತು ನನ್ನ ಕೈ ಓಡುತ್ತಿದೆ’ ಎಂಬ ಭ್ರಮೆಯೂ ಸೇರಿಕೊಂಡರೆ ವಿವೇಚನೆಗೆ ಜಾಗವೇ ಉಳಿಯುವುದಿಲ್ಲ. ಚೆನ್ನಾಗಿ ಕಲಸಿದ ಇಸ್ಪೀಟು ಕಟ್ಟಿನಲ್ಲಿ ಹಿಂದಿನ ಆಟದ ಸೋಲುಗೆಲುವಿನ ಗುರುತು ಇರುವುದಿಲ್ಲ ಎಂಬುದನ್ನು ಇನ್ನೂ ಹೇಳಬೇಕಾಗಿ ಬಂದಿರುವುದು ಬೇಸರದ ಸಂಗತಿ.

ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ, ಅಂದರೆ ಸ್ಮಾಲ್ ಮತ್ತು ಬಿಗ್ ಬ್ಲೈಂಡುಗಳು, 50 ಮತ್ತು 100 ಎಂದಿಟ್ಟುಕೊಳ್ಳಿ. ಎದುರಾಳಿ 300ಕ್ಕೆ ಏರಿಸಿದ್ದಾನೆ, ನೀವು ಬಟನ್ (ಡೀಲರ್) ಜಾಗದಲ್ಲಿದ್ದೀರಿ, ಪಾಟ್‌ನಲ್ಲಿ 450 ಇದೆ (ಪಾಟ್ ಎಂದರೆ ಎಲ್ಲರ ಪಣ ಸೇರಿದ ರಾಶಿ). ಕಾಲ್ ಮಾಡಿದರೆ 750ರ ಪಾಟ್‌ಗೆ ನಿಮ್ಮ ಪಾಲು 300, ಅಂದರೆ ಶೇಕಡಾ 40; ಅಷ್ಟು ಸಲ ಗೆದ್ದರೆ ನಷ್ಟವಿಲ್ಲ. 900ಕ್ಕೆ ರೀರೇಸ್ ಮಾಡಿದರೆ 450 ಗೆಲ್ಲಲು 900 ಒಡ್ಡಿದಂತಾಗುತ್ತದೆ. ಮೂರರಲ್ಲಿ ಎರಡು ಸಲ ಉಳಿದವರೆಲ್ಲ ಎಲೆ ಕೆಳಗಿಟ್ಟರೆ, ನಿಮ್ಮ ಎಲೆಗಳು ಒಮ್ಮೆಯೂ ಗೆಲ್ಲದಿದ್ದರೂ ಅಸಲಿಗೆ ಮೋಸವಿಲ್ಲ. ಆದ್ದರಿಂದ ಕೇಳಿಕೊಳ್ಳಬೇಕಾದದ್ದು ‘ನನ್ನ ಎಲೆ ಎಷ್ಟು ಒಳ್ಳೆಯದು’ ಎಂದಲ್ಲ, ‘ಏರಿಸಿದ ಮೇಲೆ ಯಾರು ಉಳಿಯುತ್ತಾರೆ’ ಎಂದು.

ರೀರೇಸ್ ಒಂದು ಜರಡಿ. ಸಣ್ಣ ಕಾಳು ಕೆಳಗೆ ಬೀಳುತ್ತದೆ, ದಪ್ಪ ಕಾಳು ಮೇಲೆ ಉಳಿಯುತ್ತದೆ. ಹರಾಜಿನಲ್ಲಿ ಬೆಲೆಯನ್ನು ಒಮ್ಮೆಲೇ ಎತ್ತಿದರೆ ಹಣವಿಲ್ಲದವರು ಎದ್ದುಹೋಗಿ ಹಣವಂತರಷ್ಟೇ ಕೂತಿರುವುದೂ ಇದೇ ರೀತಿ. ಜೋಡಿ ಒಂಬತ್ತು ಹಿಡಿದವನು ಏರಿಸಿದರೆ, ತಾನು ಸೋಲಿಸಬಹುದಾಗಿದ್ದ ಜೋಡಿ ಏಳು, ರಾಜ-ಗುಲಾಮ, ಎಕ್ಕ-ಹತ್ತುಗಳನ್ನೆಲ್ಲ ತಾನೇ ಓಡಿಸಿ, ದೊಡ್ಡ ಜೋಡಿಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ರಾಜನ ಜೋಡಿಯೆದುರು ಒಂಬತ್ತರ ಜೋಡಿ ಗೆಲ್ಲುವುದು ಐದರಲ್ಲಿ ಸುಮಾರು ಒಂದು ಸಲ ಮಾತ್ರ. ಇದಕ್ಕೆ ಕಾಲ್‌ನಲ್ಲೇ ಒಳ್ಳೆಯ ಬಾಳ್ವೆಯಿದೆ.

ಈಗ ಒಂದೇ ಸೂಟ್‌ನ ಎಕ್ಕ-ಐದನ್ನು ನೋಡಿ. ಕಾಲ್ ಮಾಡಿದರೆ ಎಕ್ಕ-ಹತ್ತು, ಎಕ್ಕ-ಗುಲಾಮಗಳ ನೆರಳಿನಲ್ಲಿ ನರಳುವ ಎಲೆ ಇದು. ರೀರೇಸ್‌ಗೆ ಮಾತ್ರ ಇದಕ್ಕೊಂದು ಅಪೂರ್ವ ಗುಣವಿದೆ, ಮತ್ತು ನನ್ನನ್ನು ಈ ವಿಷಯಕ್ಕೆ ಎಳೆದದ್ದು ಆ ಗುಣವೇ. ನಾಲ್ಕು ಎಕ್ಕಗಳಿಂದ ಆರು ಜೋಡಿ ಕಟ್ಟಬಹುದು. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಉಳಿದ ಮೂರರಿಂದ ಕಟ್ಟಬಹುದಾದದ್ದು ಮೂರೇ ಜೋಡಿ. ಕಳೆದದ್ದು ನಾಲ್ಕನೇ ಒಂದು ಪಾಲು, ಕುಸಿದದ್ದು ಅರ್ಧ! ನಾಲ್ವರು ಪರಸ್ಪರ ಚದುರಂಗ ಆಡಿದರೆ ಆರು ಪಂದ್ಯ. ಒಬ್ಬ ಗೈರುಹಾಜರಾದರೆ ಮೂರೇ ಪಂದ್ಯ, ಏಕೆಂದರೆ ಅವನೊಬ್ಬನ ಜೊತೆಗೆ ಅವನು ಆಡಬೇಕಿದ್ದ ಮೂರೂ ಪಂದ್ಯಗಳು ಹೋಗುತ್ತವೆ. ಎದುರಾಳಿ ಎಕ್ಕ, ರಾಜ, ರಾಣಿಗಳ ಜೋಡಿ ಮತ್ತು ಎಕ್ಕ-ರಾಜ ಇದ್ದಾಗ ಮಾತ್ರ ಉಳಿಯುವವನಾದರೆ ಅಂಥ ಸಂಯೋಜನೆಗಳು 6+6+6+16, ಒಟ್ಟು 34. ನಿಮ್ಮಲ್ಲೊಂದು ಎಕ್ಕ ಇದ್ದರೆ 3+6+6+12, ಅಂದರೆ 27. ಅವನನ್ನು ಉಳಿಸುವ ಎಲೆಗಳಲ್ಲಿ ಐದನೇ ಒಂದು ಭಾಗವನ್ನು ನಿಮ್ಮ ಬೆರಳುಗಳೇ ಮುಚ್ಚಿ ಹಿಡಿದಿವೆ. ಅಷ್ಟಾಗಿಯೂ ಅವನು ರಾಜನ ಜೋಡಿ ಹಿಡಿದು ಉಳಿದನೆನ್ನಿ, ಎಕ್ಕ-ಐದು ಸುಮಾರು ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಒಂಬತ್ತರ ಜೋಡಿಗಿಂತ ಹೆಚ್ಚು.

ಬಲಿಷ್ಠ ಎಲೆಯ ಜೊತೆಗೆ ದುರ್ಬಲ ಎಲೆಯಿಂದಲೂ ಏರಿಸಿ, ನಡುವಿನದನ್ನು ಸುಮ್ಮನೆ ಆಡಿಸುವ ಈ ವಿಚಿತ್ರ ವಿನ್ಯಾಸವನ್ನು ಮೊದಲು ಗಣಿತದಲ್ಲಿ ಕಂಡವರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಪ್ರಮುಖರು. 1928ರಲ್ಲಿ ಆಟಗಳ ಸಿದ್ಧಾಂತದ ಮೂಲ ಪ್ರಮೇಯವನ್ನು ಸಾಧಿಸಿದ ಅವರು, ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರ್‌ನ ಸರಳ ಮಾದರಿಗಳನ್ನು ಬಿಡಿಸಿ ತೋರಿಸಿದರು. ಬ್ಲಫ್, ಅಂದರೆ ದುರ್ಬಲ ಎಲೆ ಹಿಡಿದು ಏರಿಸುವುದು, ಧೈರ್ಯದ ಪ್ರದರ್ಶನವಲ್ಲ, ಸಮೀಕರಣದಿಂದ ಹೊರಡುವ ಉತ್ತರ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಕೂತ ಜಾಗ ಬದಲಾದರೆ ಉತ್ತರವೂ ಬದಲಾಗುತ್ತದೆ. ಬಿಗ್ ಬ್ಲೈಂಡ್‌ನಲ್ಲಿದ್ದವನು ಆಗಲೇ 100 ಹಾಕಿರುವುದರಿಂದ ಅವನ ಕಾಲ್‌ನ ಬೆಲೆ 650ಕ್ಕೆ 200, ಶೇಕಡಾ 31ರೊಳಗೆ. ಹಾಗಾಗಿ ಬಟನ್‌ನಲ್ಲಿ ಬಿಸಾಡಬೇಕಾದ ಎಷ್ಟೋ ಎಲೆಗಳನ್ನು ಅಲ್ಲಿ ಕಾಲ್ ಮಾಡಬಹುದು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸೀಫಿಯಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಇಬ್ಬರು ಆಡುವ, ಏರಿಕೆಯ ಮೊತ್ತಕ್ಕೂ ಸಂಖ್ಯೆಗೂ ಮಿತಿಯಿರುವ ಲಿಮಿಟ್ ಹೋಲ್ಡೆಮ್ ಅನ್ನು ಬಹುಮಟ್ಟಿಗೆ ಪೂರ್ಣವಾಗಿ ಬಿಡಿಸಿತು. ಡೀಲರ್ ಸ್ಥಾನದಲ್ಲಿ ಅದು ಮೊದಲ ಸುತ್ತಿನ ಕೊನೆಯ ರೇಸನ್ನು, ಜೋಡಿ ಎಕ್ಕ ಇದ್ದಾಗಲೂ, ಹೆಚ್ಚುಕಡಿಮೆ ಎಂದೂ ಮಾಡುವುದಿಲ್ಲ. ಸುಮ್ಮನೆ ಕಾಲ್ ಮಾಡುತ್ತದೆ. ಆದ್ದರಿಂದ ಅದರ ಕಾಲ್ ಕಂಡು ‘ಇವನ ಕೈಯಲ್ಲಿ ಎಕ್ಕಗಳಿಲ್ಲ’ ಎಂದು ಎದುರಾಳಿ ನೆಮ್ಮದಿಯಿಂದ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡುವಂತಿಲ್ಲ.