‘ಗಿಫ್ಟ್’: ಉಡುಗೊರೆ, ಮದುವೆ, ವಿಷ

ಉಡುಗೊರೆ ಎನ್ನುವ ಬದಲು ‘ಗಿಫ್ಟ್’ ಎನ್ನುವಷ್ಟು ಈ ಇಂಗ್ಲಿಷ್ ಪದ ಕನ್ನಡಿಗರ ಮಾತಿನಲ್ಲಿ ಬೆರೆತುಹೋಗಿದೆ. ಜರ್ಮನ್ ಭಾಷೆಯಲ್ಲಿ ಇದೇ ಕಾಗುಣಿತದ ಪದಕ್ಕೆ ವಿಷ ಎಂದರ್ಥ. ಇಲಿ ಪಾಷಾಣವನ್ನು ಅವರು ‘ರಾಟನ್‌ಗಿಫ್ಟ್’ ಎನ್ನುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ‘ಯಿಫ್ಟ್’ ಎಂದು ಉಚ್ಚರಿಸುವ ಇದೇ ಪದಕ್ಕೆ ವಿಷ ಎಂಬ ಅರ್ಥದ ಜೊತೆಗೆ ವಿವಾಹಿತ ಎಂಬ ಅರ್ಥವೂ ಇದೆ. ಹೀಗಾಗಿ ಸ್ವೀಡಿಷ್ ನಿಘಂಟಿನಲ್ಲಿ ಮದುವೆಯನ್ನು ಹೇಳುವ ‘ಯಿಫ್ಟರ್‌ಮೋಲ್’ ಮತ್ತು ವಿಷದ ಹಾವನ್ನು ಹೇಳುವ ‘ಯಿಫ್ಟ್‌ಓರ್ಮ್’ ಹತ್ತಿರಹತ್ತಿರದಲ್ಲೇ ಸಿಗುತ್ತವೆ.

ಇವು ಆಕಸ್ಮಿಕವಾಗಿ ಒಂದೇ ರೂಪ ತಾಳಿದ ಬೇರೆ ಬೇರೆ ಪದಗಳಲ್ಲ. ಮೂರಕ್ಕೂ ಮೂಲ, ‘ಕೊಡು’ ಎಂಬ ಅರ್ಥದ ಜರ್ಮಾನಿಕ್ ಧಾತು. ಮದುವೆಯ ಅರ್ಥ ಕನ್ನಡಿಗರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ, ಏಕೆಂದರೆ ನಾವೂ ‘ಆ ಮನೆಗೆ ಹೆಣ್ಣು ಕೊಟ್ಟಿದ್ದೇವೆ’ ಎನ್ನುತ್ತೇವೆ. ಹಳೆಯ ಇಂಗ್ಲಿಷಿನಲ್ಲಿಯೂ ಈ ಪದ ಹೆಣ್ಣಿಗಾಗಿ ಕೊಡುವ ತೆರವನ್ನು ಸೂಚಿಸುತ್ತಿತ್ತು.

ವಿಷದ ಅರ್ಥ ಬಂದ ದಾರಿ ಇನ್ನೂ ಸ್ವಾರಸ್ಯಕರವಾದದ್ದು. ಗ್ರೀಕ್ ಭಾಷೆಯಲ್ಲಿ ‘ದೋಸಿಸ್’ ಎಂದರೆ ಕೊಡುವಿಕೆ. ವೈದ್ಯರ ಬಾಯಲ್ಲಿ ಅದು ರೋಗಿಗೆ ಅಳೆದು ಕೊಡುವ ಔಷಧದ ಪ್ರಮಾಣವಾಯಿತು. ಲ್ಯಾಟಿನ್ ಮೂಲಕ ಬಂದ ಈ ಅರ್ಥವನ್ನು ಜರ್ಮನ್ ಭಾಷೆ ತನ್ನದೇ ‘ಗಿಫ್ಟ್’ ಪದಕ್ಕೆ ಹೊರಿಸಿತು, ಮತ್ತು ವಿಷವನ್ನು ನೇರವಾಗಿ ಹೆಸರಿಸಲು ಅಳುಕಿದವರು ‘ಕೊಟ್ಟದ್ದು’ ಎಂದು ಮರೆಮಾಚಿ ಹೇಳುತ್ತ ಹೇಳುತ್ತ ಅದೇ ವಿಷದ ಹೆಸರಾಗಿ ನಿಂತಿತು. ವಾಸಿಮಾಡುವ ‘ಮದ್ದು’ ನಮ್ಮಲ್ಲಿ ‘ಮದ್ದು ಹಾಕಿದರು’ ಎಂದಾಗ ಕೇಡಿನ ಅರ್ಥಕ್ಕೆ ತಿರುಗುವುದನ್ನು ಬಲ್ಲವರಿಗೆ ಈ ಜಾರುವಿಕೆ ಅಪರಿಚಿತವೆನಿಸದು. ಲಸಿಕೆಯ ‘ಡೋಸ್’ ಆ ಗ್ರೀಕ್ ಪದದಿಂದಲೇ ಬಂದದ್ದು. ನಮ್ಮ ‘ದಾನ’ಕ್ಕೆ ಮೂಲವಾದ ಸಂಸ್ಕೃತದ ‘ದಾ’ ಧಾತುವೂ ಅದರ ಒಡಹುಟ್ಟೇ.

ಡಚ್ ಭಾಷೆ ಗೊಂದಲವನ್ನು ಬಹುಮಟ್ಟಿಗೆ ತಾನೇ ಬಿಡಿಸಿಕೊಂಡಿದೆ: ದೇಣಿಗೆಯ ಪದದಲ್ಲಿ ಕೊನೆಯ ‘ಟ್’ ಉಳಿದಿದೆ, ವಿಷದ ಪದದಲ್ಲಿ ಅದು ಸಾಮಾನ್ಯವಾಗಿ ಬಿದ್ದುಹೋಗಿದೆ. ಜರ್ಮನ್ ಭಾಷೆಯಲ್ಲಿ ಕೊಡುಗೆಯ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ‘ಜೊತೆಗೆ’ ಎಂಬರ್ಥದ ‘ಮಿಟ್’ ಸೇರಿಸಿದ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಅದು ಇಂದಿಗೂ ಉಳಿದಿದೆ. ಮಗಳನ್ನು ಮದುವೆ ಮಾಡಿಕೊಡುವಾಗ ತವರಿನವರು ಜೊತೆಗೆ ಕೊಡುವ ಬಳುವಳಿಗೆ ಆ ಹೆಸರು.