ಸೇತುವೆ ಕೊಳ್ಳುವಾಗ ಸರ್ಕಾರ ಏನನ್ನು ಕೊಳ್ಳುತ್ತದೆ?

ಎಲೆಕ್ಟ್ರಾನಿಕ್ಸ್ ಸಿಟಿ ಎಲಿವೇಟೆಡ್ ರಸ್ತೆಯ ಟೋಲ್ ದರ ಏರಿದಾಗಲೆಲ್ಲ ಪರಿಚಯದವರು ಕೇಳುವ ಪ್ರಶ್ನೆ ಒಂದೇ: 'ಸರ್, ಸರ್ಕಾರವೇ ಇದನ್ನು ಕೊಂಡುಕೊಂಡು ಟೋಲ್ ಎತ್ತಿಬಿಡಬಾರದೇ?' ಎತ್ತಬಹುದು, ಕಾನೂನಿನ ಅಡ್ಡಿ ಇಲ್ಲ. ಕಷ್ಟವಿರುವುದು ಬೆಲೆ ಕಟ್ಟುವುದರಲ್ಲಿ. ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲನಾಗಿ ನಾನು ಮತ್ತೆ ಮತ್ತೆ ನೋಡುವುದೇನೆಂದರೆ, ಎರಡೂ ಕಡೆಯವರು ಕಬ್ಬಿಣ, ಸಿಮೆಂಟು, ಜಾಗದ ಲೆಕ್ಕ ಹಿಡಿದು ಕೂರುತ್ತಾರೆ. ಸುಂಕ ವಸೂಲಿ ಮಾಡುವ ಹಕ್ಕು ಇನ್ನೆಷ್ಟು ವರ್ಷ ಉಳಿದಿದೆ, ಅದರ ಮಿತಿ ಏನು ಎಂದು ಕೇಳುವವರು ಕಡಿಮೆ. ಬೆಲೆ ನಿಂತಿರುವುದು ಅದರ ಮೇಲೆ.

ಇಂಥ ರಸ್ತೆಗಳಲ್ಲಿ ನೆಲವೂ ರಸ್ತೆಯೂ ಸಾರ್ವಜನಿಕರದೇ. ಕಂಪನಿಯ ಕೈಯಲ್ಲಿರುವುದು ಒಪ್ಪಂದದ ಅವಧಿ ಮುಗಿಯುವವರೆಗೆ ಟೋಲ್ ಸಂಗ್ರಹಿಸುವ ಹಕ್ಕು ಮಾತ್ರ. ಸರ್ಕಾರ 'ಕೊಳ್ಳುವುದು' ಎಂದರೆ ಉಳಿದ ಆ ವರ್ಷಗಳನ್ನು ಹಿಂದಕ್ಕೆ ಪಡೆಯುವುದು.

ನದಿ ದಾಟಿಸುವ ದೋಣಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ದೇಶದ ಕಾನೂನು ಬಹಳ ಹಿಂದೆಯೇ ಎದುರಿಸಿತ್ತು. ಉತ್ತರ ಭಾರತಕ್ಕಾಗಿ ಮಾಡಿದ 1878ರ ಫೆರಿ ಕಾಯ್ದೆಯ 4ನೇ ಕಲಮು ಖಾಸಗಿ ದೋಣಿ ಕಡವನ್ನು ಸ್ವಾಧೀನಕ್ಕೆ ಪಡೆದು ಸಾರ್ವಜನಿಕ ಕಡವೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮರುಕಲಮಿನಲ್ಲೇ, ಅದರಿಂದ ನಷ್ಟವಾದವರ ಅಹವಾಲನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ವಿಚಾರಿಸಬೇಕೆಂದೂ ಹೇಳಿತು. ಸಾರ್ವಜನಿಕ ಕಡವಿನ ಎಲ್ಲೆಯಿಂದ ಎರಡು ಮೈಲಿಯೊಳಗೆ ಅನುಮತಿ ಇಲ್ಲದೆ ಬೇರೆ ದೋಣಿ ನಡೆಸುವಂತಿರಲಿಲ್ಲ. ಅಂದರೆ ಮೌಲ್ಯವಿದ್ದದ್ದು ದೋಣಿಯ ಮರದಲ್ಲಲ್ಲ, ಆ ದಡದಲ್ಲಿ ಜನರನ್ನು ದಾಟಿಸಿ ಹಣ ಪಡೆಯುವ ಹಕ್ಕಿನಲ್ಲಿ. 1908ರ ನೋಂದಣಿ ಕಾಯ್ದೆ ಸ್ಥಿರಾಸ್ತಿಯ ವ್ಯಾಖ್ಯೆಯಲ್ಲೇ ಜಮೀನು, ಕಟ್ಟಡಗಳ ಜೊತೆಗೆ ದೋಣಿ ಹಕ್ಕನ್ನೂ ಹೆಸರಿಸಿ ಸೇರಿಸಿದೆ. ಇದರ ಪರಿಣಾಮ ಚಿಕ್ಕದಲ್ಲ. ಖಾಸಗಿಯವರ ನಡುವೆ ಒಂದು ವರ್ಷ ಮೀರಿದ ಕಡವಿನ ಗುತ್ತಿಗೆ ನೋಂದಣಿಯಾಗಿರದಿದ್ದರೆ, ಪರಿಹಾರ ಕೇಳುವ ದಿನ ಆ ಕಾಗದಕ್ಕೆ ಬಲವಿರುವುದಿಲ್ಲ.

ಕಟ್ಟಡಕ್ಕೆ ದುಡ್ಡು ಕೊಟ್ಟು ಹಕ್ಕಿಗೆ ಏನೂ ಕೊಡದಿರಬಹುದೇ? ಅಮೆರಿಕದ ಮೊನೊಂಗಹೇಲಾ ನದಿಯಲ್ಲಿ ಈ ಪ್ರಯತ್ನ ನಡೆಯಿತು. ಒಂದು ಕಂಪನಿ ನದಿಗೆ ಅಣೆಯನ್ನೂ, ಹಡಗುಗಳನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಯನ್ನೂ (ಲಾಕ್) ಕಟ್ಟಿ, ಹಾದುಹೋಗುವ ಹಡಗುಗಳಿಂದ ಸುಂಕ ಪಡೆಯುತ್ತಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳುವಾಗ ಸುಂಕದ ಹಕ್ಕಿನ ಮೌಲ್ಯವನ್ನು ಲೆಕ್ಕಕ್ಕೇ ಹಿಡಿಯಬಾರದೆಂದು ಅಲ್ಲಿನ ಸಂಸತ್ತು ಶಾಸನದಲ್ಲೇ ಬರೆಯಿತು. 1893ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನ್ಯಾಯವಾದ ಪರಿಹಾರ ಎಷ್ಟೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಹಕ್ಕಿನ ಬೆಲೆಯನ್ನೂ ಕೊಡಲೇಬೇಕು ಎಂದಿತು. ಅಲ್ಲಿನ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ಈ ವಿಷಯದಲ್ಲಿ ಇಷ್ಟು ನೇರವಾದ ತರ್ಕ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇದರ ಇನ್ನೊಂದು ಮುಖವನ್ನು ಮಾಲೀಕರ ಪರ ವಾದಿಸುವವರು ಮರೆಯುತ್ತಾರೆ. 1640ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಚಾರ್ಲ್ಸ್ ನದಿಯ ದೋಣಿ ಹಕ್ಕನ್ನು ಹಾರ್ವರ್ಡ್ ಕಾಲೇಜಿಗೆ ಕೊಡಲಾಗಿತ್ತು. 1785ರಲ್ಲಿ ಅದೇ ಜಾಗದಲ್ಲಿ ಟೋಲ್ ಸೇತುವೆ ಕಟ್ಟಲು ಒಂದು ಕಂಪನಿಗೆ ಅನುಮತಿ ಸಿಕ್ಕಾಗ, ಕಾಲೇಜಿನ ಆದಾಯ ಹೋಗುತ್ತದೆಂದು ವರ್ಷಕ್ಕೆ 200 ಪೌಂಡ್ ಕೊಡುವ ಷರತ್ತು ಹಾಕಿದರು. ಕಳೆದುಹೋಗುವ ಹಕ್ಕಿಗೆ ಬೆಲೆ ಕಟ್ಟಿದ ರೀತಿ ಅದು. ಮುಂದೆ ರಾಜ್ಯವು ಹತ್ತಿರದಲ್ಲೇ ವಾರೆನ್ ಸೇತುವೆಗೆ ಅನುಮತಿ ಕೊಟ್ಟಿತು, ಕೆಲ ವರ್ಷದಲ್ಲಿ ಅಲ್ಲಿ ಸುಂಕವೂ ನಿಂತಿತು. ಹಳೆಯ ಸೇತುವೆಯ ವ್ಯಾಪಾರ ಕುಸಿಯಿತು. ಅದರ ಕಂಪನಿ ಹೂಡಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 1837ರ ತೀರ್ಪು ಹೇಳಿದ್ದು: ಬೇರೆ ಸೇತುವೆ ಕಟ್ಟುವುದಿಲ್ಲವೆಂದು ಸರ್ಕಾರ ಕೊಟ್ಟ ಸನ್ನದಿನಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ, ಅಂಥ ಏಕಸ್ವಾಮ್ಯವನ್ನು ಊಹಿಸಿಕೊಳ್ಳುವಂತಿಲ್ಲ. ಬರೆದ ಹಕ್ಕಿಗೆ ಪೂರ್ತಿ ಬೆಲೆ, ಬರೆಯದಿದ್ದಕ್ಕೆ ಬಿಡಿಗಾಸೂ ಇಲ್ಲ. ಜನರ ತೆರಿಗೆ ಹಣ ಕಾಯುವವರು ಎರಡನೆಯ ಭಾಗವನ್ನು ಗಟ್ಟಿಯಾಗಿ ಹಿಡಿಯಬೇಕು.

ನಮ್ಮಲ್ಲಿ ಆಸ್ತಿ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. 1978ರ 44ನೇ ತಿದ್ದುಪಡಿಯ ನಂತರ ಅದು ಸಂವಿಧಾನದ 300ಎ ವಿಧಿಯಲ್ಲಿದೆ; ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಹಾಗಾದರೆ ಪರಿಹಾರವಿಲ್ಲದೆ ಕಿತ್ತುಕೊಳ್ಳಬಹುದೇ? ಉತ್ತರ ಬಂದದ್ದು ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಪ್ರಕರಣದಿಂದ. ಚಿತ್ರಕಲಾವಿದ ರೋರಿಕ್ ಮತ್ತು ಅವರ ಪತ್ನಿ, ನಟಿ ದೇವಿಕಾ ರಾಣಿ ಅವರ ಎಸ್ಟೇಟನ್ನು ರಾಜ್ಯ ವಶಕ್ಕೆ ಪಡೆದ ಕಾಯ್ದೆಯನ್ನು 2011ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರ ಕೇಳುವ ಹಕ್ಕು 300ಎ ವಿಧಿಯಲ್ಲೇ ಅಡಕವಾಗಿದೆ ಎಂದಿತು. 2025ರ ಜನವರಿಯಲ್ಲಿ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ ಜಮೀನು ಕಳೆದುಕೊಂಡವರ ಪ್ರಕರಣದಲ್ಲಿ, ವರ್ಷಗಟ್ಟಲೆ ಪರಿಹಾರ ಕೊಡದೆ ಹಳೆಯ ದಿನಾಂಕದ ಬೆಲೆ ಕೊಟ್ಟರೆ ಅದು ನ್ಯಾಯವಲ್ಲವೆಂದು 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆ ಹಿಡಿಯಲು ಸುಪ್ರೀಂ ಕೋರ್ಟ್ ಆದೇಶಿಸಿತು.

ಈಗ ಲೆಕ್ಕ. ಎಲ್ಲ ಖರ್ಚು ಕಳೆದು ವರ್ಷಕ್ಕೆ 1 ಕೋಟಿ ಉಳಿಸುವ ಸೇತುವೆಗೆ ಇನ್ನು 12 ವರ್ಷದ ಅವಧಿ ಇದೆ ಎನ್ನಿ. ಮಾಲೀಕರು 12 ಕೋಟಿ ಕೇಳುತ್ತಾರೆ. ಮುಂದೆ ಬರುವ ಹಣಕ್ಕೆ ಇಂದಿನ ಬೆಲೆ ಕಡಿಮೆ. ಶೇ 10ರ ದರದಲ್ಲಿ ಸೋಡಿ ಕಳೆದರೆ ಅದು ಸುಮಾರು 6.8 ಕೋಟಿ. ಅವಧಿ 6 ವರ್ಷವೇ ಇದ್ದರೆ ಸುಮಾರು 4.36 ಕೋಟಿ. ದೊಡ್ಡ ಹೆದ್ದಾರಿಗಳಲ್ಲಿ ಈ ಜಗಳ ಬೇಡವೆಂದೇ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಮಾದರಿ ಒಪ್ಪಂದದಲ್ಲಿ, ಒಪ್ಪಂದ ಅವಧಿಗೆ ಮೊದಲೇ ಮುರಿದರೆ ಕಂಪನಿಗೆ ಎಷ್ಟು ಕೊಡಬೇಕೆಂಬ ಸೂತ್ರ ಬರೆದಿರುತ್ತಾರೆ: ತಪ್ಪು ಪ್ರಾಧಿಕಾರದ್ದಾದರೆ ಬಾಕಿ ಸಾಲದ ಜೊತೆಗೆ ಕಂಪನಿ ಹಾಕಿದ ಸ್ವಂತ ಬಂಡವಾಳದ (ಒಪ್ಪಂದದಂತೆ ಹೊಂದಾಣಿಕೆ ಮಾಡಿದ್ದು) ಶೇ 150, ಕಂಪನಿಯದ್ದಾದರೆ ಸಾಲದ ಶೇ 90, ಅದರಲ್ಲೂ ವಿಮೆಯ ಮೊತ್ತ ಕಳೆದು. ರಾಜಕಾರಣಿಗಳು ವೇದಿಕೆಯಲ್ಲಿ ಟೋಲ್ ರದ್ದು ಎಂದು ಘೋಷಿಸುವ ಮೊದಲು ಈ ಪುಟವನ್ನು ಓದಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ.

ಸ್ಕಾಟ್ಲೆಂಡಿನಲ್ಲಿ 1995ರಲ್ಲಿ ತೆರೆದ ಸ್ಕೈ ದ್ವೀಪದ ಸೇತುವೆಯ ಸುಂಕಕ್ಕೆ ದ್ವೀಪದವರು ವರ್ಷಗಟ್ಟಲೆ ಪ್ರತಿಭಟಿಸಿದರು. 2004ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಸೇತುವೆ ಕೊಂಡು ಸುಂಕ ತೆಗೆಯಿತು. ದೆಹಲಿ–ನೋಯ್ಡಾ ಡಿಎನ್‌ಡಿ ರಸ್ತೆಯಲ್ಲಿ ಆದದ್ದು ಬೇರೆ. ವರ್ಷಕ್ಕೆ ಶೇ 20ರ ಲಾಭ ಖಾತರಿ, ಅದು ಬರದಿದ್ದರೆ ಕೊರತೆಯನ್ನು ಯೋಜನಾ ವೆಚ್ಚಕ್ಕೇ ಸೇರಿಸುವ ಷರತ್ತು ಅಲ್ಲಿತ್ತು. ಹೀಗಾದರೆ ವೆಚ್ಚ ಎಂದೂ ತೀರುವುದಿಲ್ಲ. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಾಯಂ ಮಾಡಿತು. ಒಪ್ಪಂದವೇ ಅನ್ಯಾಯದ್ದಾಗಿದ್ದರೆ ಕೊಳ್ಳುವ ಮಾತೇ ಬರುವುದಿಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಕಂಪನಿಗಳ ಬಗ್ಗೆಯಲ್ಲ. ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದಾಗ, ಅಲ್ಲಿನ ಲಾಂಚ್ ಸರ್ಕಾರದ್ದೇ ಆಗಿದ್ದರಿಂದ ಖಾಸಗಿ ಹಕ್ಕಿನ ಪ್ರಶ್ನೆ ಏಳಲಿಲ್ಲ. ಆದರೆ ಸ್ವಂತ ದೋಣಿ ನಡೆಸುವವರ ಪಕ್ಕದಲ್ಲಿ ಸೇತುವೆ ಎದ್ದರೆ? ಸರ್ಕಾರ ಅವರಿಂದ ಏನನ್ನೂ 'ಪಡೆದಿರುವುದಿಲ್ಲ'. ಜನ ಮಾತ್ರ ಸೇತುವೆ ಹತ್ತಿರುತ್ತಾರೆ. 1837ರ ತರ್ಕ ಅವರ ಮೇಲೆ ಬಿದ್ದರೆ ಕೈಗೆ ಏನೂ ಬರುವುದಿಲ್ಲ. ದೊಡ್ಡ ಕಂಪನಿಗೆ ವಕೀಲರ ದಂಡು ಬರೆದ ರಕ್ಷಣೆ ಇದೆ, ಅಂಬಿಗರಿಗೆ ಇಲ್ಲ. ಸೇತುವೆಯ ಯೋಜನಾ ವೆಚ್ಚದಲ್ಲೇ ಅವರ ಪುನರ್ವಸತಿಗೆ ಒಂದು ಬಾಬ್ತು ಇಡಬೇಕು. ಕೋಟಿಗಳ ಕಾಮಗಾರಿಯಲ್ಲಿ ಅದು ಹೊರೆಯಲ್ಲ.

ಅಲ್ಲಿಯವರೆಗೆ ದೋಣಿಯವರಿಗೆ ನಾನು ಹೇಳುವುದಿಷ್ಟು. ಪ್ರತಿ ವರ್ಷದ ಹರಾಜಿನ ರಸೀದಿ, ಪರವಾನಗಿ, ದರಪಟ್ಟಿ, ದೋಣಿ ತಪಾಸಣೆಯ ಕಾಗದಗಳನ್ನು ಒಂದೆಡೆ ಇಡಿ. ದಿನದ ವಸೂಲಿಯನ್ನು ಪುಸ್ತಕದಲ್ಲಿ ಬರೆಯಿರಿ. ಸೇತುವೆಯ ಸರ್ವೆಯವರು ದಡಕ್ಕೆ ಬಂದಾಗಲೇ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಉದ್ಘಾಟನೆಯವರೆಗೆ ಕಾಯಬೇಡಿ.